ರಿತ್ಸು ಬರೆದ ತಪ್ಪೊಪ್ಪಿಗೆ

ನನ್ನಕ್ಕ ರಿತ್ಸು ಗಂಡಸರು ಕಲಿಯುವ ದೊಡ್ಡಕ್ಷರ ಕಲಿತದ್ದು ತಲೆಕೆಳಗಾಗಿ. ನಮ್ಮಪ್ಪ ವೈದ್ಯ. ಅಣ್ಣನನ್ನು ಕೂರಿಸಿಕೊಂಡು ಪಾಠ ಹೇಳುವಾಗ ಮಸಿ ತೇಯುವ ಕೆಲಸ ಅಕ್ಕನದು. ಗಿಡ್ಡ ಮೇಜಿನ ಈ ಬದಿಗೆ ಅಪ್ಪ ಮತ್ತು ಅಣ್ಣ, ಆ ಬದಿಗೆ ಎಂಟು ವರ್ಷದ ಅವಳು. ಅಣ್ಣ ನೇರ ನೋಡಿ ಮರೆತದ್ದನ್ನು ಅವಳು ಬುಡಮೇಲಾಗಿ ನೋಡಿ ನೆನಪಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ಅಣ್ಣ ಸಾಲಿನ ಮಧ್ಯೆ ಸಿಕ್ಕಿಹಾಕಿಕೊಂಡು ತಡವರಿಸಿದಾಗ, ಮಸಿಕಲ್ಲಿನಿಂದ ತಲೆಯೆತ್ತದೆ ಅವಳೇ ಓದಿಬಿಟ್ಟಳು.

ಅಪ್ಪ ಬೈಯಲಿಲ್ಲ. ಅವಳ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. ರೋಗಿಗಳ ಮೈಮೇಲೆ ಉರಿಸಿ ನೋವು ಕಳೆಯಲು ಇಟ್ಟುಕೊಂಡಿದ್ದ ಒಣ ಮಾಚಿಪತ್ರೆಯ ಮೂರು ಉಂಡೆಗಳನ್ನು ಕೈಯ ಹಿಂಬದಿಯ ಮೇಲಿಟ್ಟು ಹೊತ್ತಿಸಿದ. ಅವು ಉರಿದು ಬೂದಿಯಾಗುವವರೆಗೆ ಹಿಡಿತ ಸಡಿಲಿಸಲಿಲ್ಲ. "ಹೆಣ್ಣಿಗೆ ಮನೆಮಾತಿನ ನಲವತ್ತೆಂಟಕ್ಷರ ಸಾಕು. ಅದಕ್ಕಿಂತ ಹೆಚ್ಚು ಕಲಿತ್ರೆ ಗಂಡನ ಮನೆ ಹಾಳು" ಎಂದಷ್ಟೇ ಹೇಳಿದ.

ಸಂಜೆ ಅಜ್ಜಿ ಸುಟ್ಟ ಕೈಗೆ ಸೌತೆಕಾಯಿ ರಸ ಹಚ್ಚುತ್ತಾ ಅವಳನ್ನು ಒಲೆಯ ಬಳಿ ಕೂರಿಸಿಕೊಂಡಳಂತೆ.

"ಅಳ್ಬೇಡ ಕಣೇ. ಈ ಗಂಡಸ್ರು ಬಚ್ಚಿಟ್ಕೊಂಡಿರೋ ದೊಡ್ಡಕ್ಷರ ಏನು ಇವರಪ್ಪನ ಮನೆ ಸ್ವತ್ತಾ? ಹಡಗಲ್ಲಿ ಬಂದಿದ್ದು. ಸಮುದ್ರದಾಚೆ ಚೀನಾದವರು ತಮ್ಮ ನಾಲಿಗೆಗೆ ಹೊಲಿಸ್ಕೊಂಡಿದ್ದ ಅಂಗಿ. ನಾವು ತಂದು ಹಾಕ್ಕೊಂಡ್ವಿ, ತೋಳು ಉದ್ದ, ಕತ್ತು ಬಿಗಿ. ಅದಕ್ಕೇ ಒಂದಕ್ಷರಕ್ಕೆ ಎರಡು ಬಾಯಿ ನೋಡು, ಅವರ ಉಚ್ಚಾರಣೆ ಒಂದು, ನಮ್ಮ ಮನೆಮಾತು ಒಂದು."

ಒಲೆಯ ಬೂದಿಯ ಮೇಲೆ ಅಜ್ಜಿ ಕಡ್ಡಿಯಿಂದ ಗೀಚಿ ತೋರಿಸಿದಳು. "ಇದು ಸೂರು. ಸೂರಿನ ಕೆಳಗೆ ಒಬ್ಬಳು ಹೆಂಗಸು. ಅಂದ್ರೆ ನೆಮ್ಮದಿ. ಈಗ ಇದನ್ನೇ ಅವಸರವಾಗಿ ಬರೀತೀನಿ. ಇನ್ನೂ ಅವಸರ. ಏನಾಯ್ತು?"

"ನಮ್ಮ 'ಅ' ಆಯ್ತು!"

"ಹೂಂ. ಹಳೇ ಕಾಲದ ಹೆಂಗಸರು ಕಾಗದ ಬರೆದೂ ಬರೆದೂ ಸವೆಸಿದ್ದು ಇದು, ಹೊಳೇಲಿ ಕಲ್ಲು ಸವೆದ ಹಾಗೆ. ಸನ್ಯಾಸಿಗಳಿಗೆ ಅಷ್ಟು ತಾಳ್ಮೆ ಇರ್ಲಿಲ್ಲ. ಮಂತ್ರದ ಪುಸ್ತಕದ ಅಂಚಲ್ಲಿ ಗುರುತು ಹಾಕೋಕೆ ದೊಡ್ಡಕ್ಷರದ ಒಂದು ಕೈಯೋ ಕಾಲೋ ಕಡಿದು ಇಟ್ಕೊಂಡ್ರು. ಸರ್ಕಾರಿ ಕಾಗದದಲ್ಲಿ ಬರೋ ತುಂಡಕ್ಷರ ಅದೇ. ಎಲ್ಲಾದಕ್ಕೂ ತಾಯಿ ಒಬ್ಬಳೇ. ಕಲಿ. ಆದ್ರೆ ಬಾಯಿ ಮುಚ್ಕೊಂಡು ಕಲಿ."

ಈ ಕತೆಯನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಾಳೆ. ನಾನು ಫುಯು, ಅವಳಿಗಿಂತ ಆರು ವರ್ಷ ಚಿಕ್ಕವಳು. ನನಗೆ ಈ ಅರವತ್ತಮೂರರಲ್ಲೂ ನಲವತ್ತೆಂಟಕ್ಷರ ಬಿಟ್ಟು ಬೇರೆ ಬಾರದು. ಅವಳ ಕೈಮೇಲಿನ ಮೂರು ದುಂಡನೆಯ ಕಲೆಗಳನ್ನು ನೋಡಿಕೊಂಡೇ ಬೆಳೆದ ನನಗೆ ಕಲಿಯುವ ಆಸೆ ಹುಟ್ಟಲಿಲ್ಲ.

ಅಕ್ಕನನ್ನು ಮಿಮಾಸಾಕಾ ಗುಡ್ಡಗಳ ನಡುವಿನ ಕುನುಗಿಹಾರಕ್ಕೆ ಕೊಟ್ಟರು. ಗಂಡ ಗೆನ್‌ಸುಕೆ ಮನೆಯಲ್ಲೇ ಶಾಲೆ ನಡೆಸುತ್ತಿದ್ದ. ಮದುವೆಯಾದ ತಿಂಗಳೊಳಗೇ ಹೆಂಡತಿಗೆ ತನಗಿಂತ ಹೆಚ್ಚು ಅಕ್ಷರ ಗೊತ್ತೆಂದು ಅವನಿಗೆ ತಿಳಿಯಿತು. ನಗುತ್ತಾ ಕುಂಚ ಅವಳ ಕೈಗೆ ಕೊಟ್ಟ, ಅಂಥ ಮನುಷ್ಯ. ನನ್ನನ್ನು ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ವಾಪಸು ಕಳಿಸಿದಾಗ ನಾನೂ ಅಲ್ಲಿಗೇ ಬಂದು ಸೇರಿದೆ. ಮುಂದೆ ಗೆನ್‌ಸುಕೆ ಹೊಟ್ಟೆನೋವಿನಿಂದ ತೀರಿಕೊಂಡ ಮೇಲೂ ಶಾಲೆ ನಿಲ್ಲಲಿಲ್ಲ. ಊರಿನವರು ಅಕ್ಕನನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು. ಮೂವತ್ತೊಂದು ಮಕ್ಕಳು. ಮೊದಲು ನಲವತ್ತೆಂಟಕ್ಷರ, ಆಮೇಲೆ ಊರುಗಳ ಮತ್ತು ಮನುಷ್ಯರ ಹೆಸರು ಬರೆಯುವ ದೊಡ್ಡಕ್ಷರ. ರೈತನಿಗೆ ಕಾಗದದಲ್ಲಿ ತನ್ನ ಹೆಸರು ಕಂಡರೆ ಗುರುತಾಗಬೇಕಲ್ಲ. ಅಷ್ಟು ಕಲಿತು ಹುಡುಗರು ಗದ್ದೆಗೆ ಹೋಗಿಬಿಡುತ್ತಿದ್ದರು. ಕಾನೆ ಎಂಬ ವಿಧವೆಯ ಹಿರಿಮಗ ಸೆಯಿಜಿಯೂ ಹಾಗೆಯೇ ಎರಡು ಚಳಿಗಾಲ ಬಂದು ಬಿಟ್ಟವನು. "ಒಳ್ಳೇ ಕೈ ಅವನದು, ಗುದ್ದಲಿಗೆ ಹೋಯ್ತು" ಎಂದು ಅಕ್ಕ ಹಲುಬುತ್ತಿದ್ದಳು.

ನಮ್ಮೂರಿನ ಹೊಳೆಯ ಆಚೆ ದಂಡೆಯಲ್ಲಿ ತೊಗಲು ಹದ ಮಾಡುವವರ ಹದಿನಾಲ್ಕು ಮನೆಗಳಿದ್ದವು. ಅವರು ನಮ್ಮ ದಂಡೆಗೆ ಬಂದರೆ ಚಪ್ಪಲಿ ಬಿಚ್ಚಬೇಕು, ಅಂಗಳದಲ್ಲೇ ಮಂಡಿಯೂರಬೇಕು. ಮೆಯಿಜಿ ದೊರೆಯ ಆಳ್ವಿಕೆಯ ನಾಲ್ಕನೆಯ ವರ್ಷ ಇನ್ನು ಮೇಲೆ ಅವರೂ ಎಲ್ಲರಂತೆ ಎಂದು ಸರ್ಕಾರ ಸಾರಿತು. ಅದಾಗಿ ಸ್ವಲ್ಪ ದಿನಕ್ಕೆ ಮೊಹೇ ಎಂಬುವನು ಹತ್ತು ವರ್ಷದ ಮಗಳು ಇಸೋಳನ್ನು ಕರೆದುಕೊಂಡು ಬಂದು ನಮ್ಮ ಅಂಗಳದಲ್ಲಿ ಮಂಡಿಯೂರಿದ.

"ಮೇಷ್ಟ್ರಮ್ಮ, ಇವಳಿಗೆ ಅವಳ ಹೆಸರು ಬರೆಯೋದೊಂದು ಕಲಿಸ್ಕೊಟ್ರೆ ಸಾಕು. ಹೊರಗಡೇನೇ ಕೂತ್ಕೋತಾಳೆ."

"ಹೊರಗೆ ಕೂತ್ರೆ ಕಾಗದ ಗಾಳೀಗೆ ಹಾರ್ತದೆ. ಒಳಗೆ ಬಾ ಮಗಾ" ಎಂದಳು ಅಕ್ಕ.

ಮರುದಿನವೇ ತೊರಾಜೋ ಬಂದ. ಕಾನೆಯ ಅಣ್ಣ, ಊರಿನಲ್ಲಿ ದೊಡ್ಡ ದನಿಯವನು, ಮೊಮ್ಮಕ್ಕಳಿಬ್ಬರು ನಮ್ಮ ಶಾಲೆಯಲ್ಲಿದ್ದರು.

"ಆ ತೊಗಲಿನವರ ಹುಡುಗಿ ಕೂತ ಚಾಪೆ ಮೇಲೆ ನನ್ನ ಮೊಮ್ಮಕ್ಕಳು ಕೂರ್ಬೇಕಾ?"

"ತೊರಾಜೋ, ಈ ಮಸಿ ಯಾತ್ರಲ್ಲಿ ಮಾಡ್ತಾರೆ ಗೊತ್ತಾ? ದೀಪದ ಕಾಡಿಗೆಗೆ ತೊಗಲಿನ ಅಂಟು ಕಲಸಿ. ಮೊಹೇ ಮನೇಲಿ ಕುದಿಸಿದ ಅಂಟದು. ನಿಮ್ಮಪ್ಪನ ಹೆಸರು ದೇವಸ್ಥಾನದ ಪುಸ್ತಕದಲ್ಲಿ ಅದೇ ಮಸೀಲಿ ಬರೆದದೆ. ಹೋಗಿ ಅಳಿಸಿ ಬಾ, ಆಮೇಲೆ ಚಾಪೆ ಮಾತಾಡೋಣ."

ಸುತ್ತ ನಿಂತಿದ್ದವರು ನಕ್ಕುಬಿಟ್ಟರು. ತೊರಾಜೋ ನಗಲಿಲ್ಲ. ವಾರದೊಳಗೆ ಮೂವತ್ತೊಂದು ಮಕ್ಕಳು ಒಂಬತ್ತಾದರು. ಇಸೋ ಮಾತ್ರ ದಿನ ತಪ್ಪದೆ ಹೊಳೆ ದಾಟಿ ಬಂದಳು.

ಆರನೆಯ ವರ್ಷದ ಹೊಸತಿನಲ್ಲಿ ಸರ್ಕಾರದ ಇನ್ನೊಂದು ಕಾಗದ ಬಂತು. ಇಪ್ಪತ್ತು ತುಂಬಿದ ಗಂಡುಮಕ್ಕಳೆಲ್ಲ ಸೈನ್ಯಕ್ಕೆ ಬರಬೇಕೆಂಬ ಆಜ್ಞೆ. ದೊಡ್ಡಕ್ಷರ ಮತ್ತು ತುಂಡಕ್ಷರ ಒತ್ತೊತ್ತಾಗಿ ತುಂಬಿದ ಆ ಕಾಗದದಲ್ಲಿ ಪಟೇಲ ಉಹೇ ಎರಡು ಸಾಲು ಓದಿ ಬೆವರು ಒರೆಸಿಕೊಂಡ. ಊರನ್ನೆಲ್ಲ ಅಂಗಳದಲ್ಲಿ ಸೇರಿಸಿ ಅಕ್ಕನಿಂದ ಓದಿಸಿದ. ಅವಳು ಗಟ್ಟಿಯಾಗಿ ಓದುತ್ತಾ ಹೋದಳು. ಚೀನೀ ಉಚ್ಚಾರಣೆಯ ಮಾತುಗಳು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಮಂತ್ರ ಕೇಳಿದ ಹಾಗೆ ಎಲ್ಲರೂ ತಲೆ ತಗ್ಗಿಸಿದ್ದರು. ಒಂದು ಕಡೆ 'ಕೆತ್ಸುಜೆಯಿ' ಎಂಬ ಮಾತು ಬಂತು.

"ಅದೇನು ಮೇಷ್ಟ್ರಮ್ಮ? ಮನೆಮಾತಲ್ಲಿ ಹೇಳಿ" ಎಂದ ಪಟೇಲ.

ಅಕ್ಕ ಆ ಎರಡಕ್ಷರದ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು. "ರಕ್ತದ ಕಂದಾಯ."

ಅಂಗಳದಲ್ಲಿ ಯಾರೋ ಹೆಂಗಸು 'ಅಯ್ಯೋ' ಎಂದಳು.

"ಹೆದರ್ಬೇಡಿ, ಪರದೇಶದವರು ಹಾಗಂತಾರೆ ಅಂತ ಬರೆದದೆ ಅಷ್ಟೇ. ಬಿಸಿರಕ್ತ ಕೊಟ್ಟು ದೇಶದ ಋಣ ತೀರಿಸೋದು ಅಂತ. ಅಂದ್ರೆ ಯುದ್ಧದಲ್ಲಿ ಪ್ರಾಣ ಒಪ್ಪಿಸೋದು. ಮಾತಿನ ರೀತಿ ಅದು. ಯಾರೂ ಬಂದು ರಕ್ತ ತೆಗೆಯೋದಿಲ್ಲ."

ಅವಳು ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಕೇಳಿದ್ದೆ. ಆದರೂ ಮರುದಿನ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಅಲ್ಲಿದ್ದ ಹೆಂಗಸರು ನನ್ನನ್ನು ಸುತ್ತುಗಟ್ಟಿ "ನಿಮ್ಮಕ್ಕ ಇನ್ನೇನು ಓದಿದ್ಲು, ನಿನಗೆ ಗೊತ್ತಿರ್ತದಲ್ಲ" ಎಂದಾಗ ನನಗೆ ಒಂಥರಾ ದೊಡ್ಡಸ್ತಿಕೆ ಬಂತು. ಗಂಡ ಬಿಟ್ಟವಳು ಎಂದು ಮೂಗು ಮುರಿಯುತ್ತಿದ್ದವರು ನನ್ನ ಬಾಯನ್ನೇ ನೋಡುತ್ತಿದ್ದರು. "ಬಿಸಿರಕ್ತ ಅಂತ ಬರೆದದೆ ಕಣ್ರೇ. ನಾನೇ ಕಿವಿಯಾರೆ ಕೇಳಿದೆ. ಅಕ್ಕ ಆಮೇಲೆ ಸಮಾಧಾನಕ್ಕೆ ಏನೇನೋ ಹೇಳಿದ್ಲು" ಎಂದುಬಿಟ್ಟೆ.

ಬೆಂಕಿಗೆ ಅಷ್ಟು ಸಾಕಾಯಿತು. ಬಿಳಿ ಬಟ್ಟೆ ತೊಟ್ಟವನೊಬ್ಬ ಸೀಸೆ ಹಿಡಿದು ಊರೂರಿಗೆ ಬರುತ್ತಾನೆ, ಹುಡುಗರನ್ನು ತಲೆಕೆಳಗೆ ತೂಗುಹಾಕಿ ರಕ್ತ ಹಿಂಡುತ್ತಾನೆ, ಪರದೇಶದವರು ಕುಡಿಯುವ ಕೆಂಪು ಮದ್ಯ ಅದೇ, ತಂತಿಯ ಕಂಬಗಳಿಗೆ ಬಳಿಯುವುದೂ ಅದೇ. ಹೊಳೆಯಲ್ಲಿ ನಾನು ಆಡಿದ ಮಾತು ನಾಲ್ಕು ಊರು ಸುತ್ತಿ ಹತ್ತು ಕಾಲು ಬೆಳೆಸಿಕೊಂಡು ನನ್ನ ಬಳಿಗೇ ಬಂತು.

ಮೇ ಕೊನೆಯ ವಾರ. ಸಸಿಮಡಿಗಳು ಹಸಿರಾಗಿದ್ದವು. ನಡುಮಧ್ಯಾಹ್ನ ಕೆಳಗದ್ದೆಯ ಕಡೆಯಿಂದ ಹೆಂಗಸೊಬ್ಬಳು ಕಿರುಚಿದಳು. "ಬಿಳಿಬಟ್ಟೆಯವ್ನು ಬಂದ!" ದೇವಸ್ಥಾನದ ಗಂಟೆ ಹೊಡೆದುಕೊಳ್ಳತೊಡಗಿತು. ನಾನೂ ಅಕ್ಕನೂ ಓಡಿದೆವು.

ಅವನು ಯಾತ್ರೆಗೆ ಹೊರಟ ಮುದುಕ. ಯಾತ್ರಿಕರು ತೊಡುವ ಬಿಳಿ ಅಂಗಿ, ಕೈಯಲ್ಲಿ ಕೋಲು, ಸೊಂಟದಲ್ಲಿ ಸೋರೆಬುರುಡೆ. ನೀರು ಕೇಳಲು ಬಾವಿಯ ಬಳಿ ನಿಂತಿದ್ದ. ನಾವು ತಲುಪುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ. ಹೊರೆ ಹೊರುವ ಅಡ್ಡೆಗಳಿಂದ, ಗುದ್ದಲಿಯ ಕಾವಿನಿಂದ ಬಡಿಯುತ್ತಿದ್ದರು. ಭತ್ತ ಬಡಿಯುವಾಗ ಬರುವಂಥದೇ ಸದ್ದು. ಅವನು ಕೈ ಮೇಲೆತ್ತಿ ಏನೋ ಹೇಳಲು ಹೋದ, ತೊರಾಜೋನ ಏಟು ದವಡೆಗೆ ಬಿತ್ತು. ಅಕ್ಕ ನುಗ್ಗಿ "ಯಾತ್ರಿಕ ಕಣ್ರೋ, ಯಾತ್ರಿಕ!" ಎಂದು ಕೂಗಿದಳು. ಯಾರೋ ಮೊಣಕೈಯಿಂದ ತಳ್ಳಿದರು. ಅವಳು ಎದ್ದು ನಿಲ್ಲುವ ಹೊತ್ತಿಗೆ ಅವನು ಅಲುಗಾಡುವುದು ನಿಂತಿತ್ತು.

ಬುರುಡೆ ಬಿಚ್ಚಿದರು. ನೀರಿತ್ತು. ಚೀಲ ಸುರಿದರು. ಒಂದು ಹಿಡಿ ಹುರಿಹಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಗುವಿನ ಕೊರಳಿಗೆ ಕಟ್ಟುವ ಕೆಂಪು ಜೊಲ್ಲುಬಟ್ಟೆ. ಸತ್ತ ಮೊಮ್ಮಗುವಿನದಿರಬೇಕು, ದೇವರಿಗೆ ಒಪ್ಪಿಸಲು ಒಯ್ಯುತ್ತಿದ್ದ. ಆಗ ತೊರಾಜೋ ಬಾಯಿ ತೆರೆದ.

"ಏನ್ ನೋಡ್ತಾ ನಿಂತಿದೀರಿ? ಆಗಿದ್ದಾಯ್ತು. ಇಲ್ಲಿಗೆ ನಿಲ್ಸಿದ್ರೆ ನಾಳೆ ನಮ್ಮ ನಮ್ಮ ತಲೆ ಹೋಗ್ತದೆ. ನಾಡೆಲ್ಲಾ ಎದ್ರೆ ಯಾರ ತಲೆ ಅಂತ ಕಡೀತಾರೆ?"

ಹೆದರಿದ ಗುಂಪಿನಷ್ಟು ಕ್ರೂರ ಇನ್ನೊಂದಿಲ್ಲ. ಬಿದಿರು ಕಡಿದು ತುದಿ ಚೂಪು ಮಾಡಿದರು. ಮೊದಲು ಪಟೇಲನ ಮನೆ. ಉಹೇ ಹಿತ್ತಲಿನಿಂದ ಗುಡ್ಡ ಹತ್ತಿ ತಪ್ಪಿಸಿಕೊಂಡ. ಅವನ ಕಂಬಗಳನ್ನು ಗರಗಸ ಹಾಕಿ ಕೊಯ್ದು ಸೂರನ್ನು ಕೆಳಗೆ ಕೆಡವಿದರು. ಆಮೇಲೆ ನಮ್ಮ ಮನೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ತೊರಾಜೋ ಅವಳ ಕೆನ್ನೆಗೆ ಹೊಡೆದ ಹೊಡೆತಕ್ಕೆ ಹಲ್ಲೊಂದು ನನ್ನ ಕಾಲಬಳಿ ಬಿತ್ತು.

"ಓದಿದ್ದು ನೀನೇ! ಆ ಹಾಳಾದ್ದನ್ನ ಊರಿಗೆ ಓದಿ ಹೇಳಿದವಳು ನೀನೇ! ಹೊಳೆಯಾಚೆಯವರನ್ನ ಚಾಪೆ ಮೇಲೆ ಕೂರಿಸ್ದವಳೂ ನೀನೇ!"

ಗೆನ್‌ಸುಕೆಯ ಪುಸ್ತಕಗಳು ಅಂಗಳದಲ್ಲಿ ಉರಿದವು. ಅಕ್ಕನ ಕೈಗಳಿಗೆ ಹುಲ್ಲಿನ ಹಗ್ಗ ಬಿಗಿದು ಹೊಳೆ ದಾಟಿಸಿದರು. ನಾನು ಹಿಂದೆಯೇ ಹೋದೆ. ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತೊಗಲು ಒಣಗಿಸುವ ಬಯಲಿನಲ್ಲಿ ಹದಿನಾಲ್ಕು ಮನೆಯವರನ್ನೂ ಎಳೆದು ತಂದು ಕಲ್ಲಿನ ಮೇಲೆ ಮಂಡಿಯೂರಿಸಿದ್ದರು. ಅಕ್ಕ ಯಾಕೆ ಬೇಕಾಗಿತ್ತೆಂದು ಆಗ ತಿಳಿಯಿತು. ತೊರಾಜೋನಿಗೆ ತಪ್ಪೊಪ್ಪಿಗೆಯ ಕಾಗದ ಬೇಕು. ಇನ್ನು ಮೇಲೆ ಮೊದಲಿನ ಹಾಗೇ ಚಪ್ಪಲಿ ಬಿಚ್ಚುತ್ತೇವೆ, ಅಂಗಳದಾಚೆ ನಿಲ್ಲುತ್ತೇವೆ, ಸರ್ಕಾರ ಕೊಟ್ಟ ಸಮಾನತೆ ನಮಗೆ ಬೇಡ ಎಂದು ಅವರು ಒಪ್ಪಿಕೊಂಡ ಕಾಗದ. ಅದನ್ನು ಕೋಟೆಯ ಪಟ್ಟಣಕ್ಕೆ ಒಯ್ದು ಅಧಿಕಾರಿಗಳ ಮುಖಕ್ಕೆ ಹಿಡಿಯಬೇಕು.

"ದೊಡ್ಡಕ್ಷರದಲ್ಲೇ ಬರಿ. ದೊಡ್ಡ ಮನುಷ್ಯರು ಓದೋದು" ಎಂದ. ಆಮೇಲೆ ತಿರುಗಿ, "ಲೋ ಸೆಯಿಜಿ, ನೀನು ಇವಳ ಹತ್ರ ಕಲಿತವನಲ್ವಾ? ಮಸಿ ತೇಯಿ ಬಾ."

ಸೆಯಿಜಿ ಈಟಿಯನ್ನು ಪಕ್ಕಕ್ಕಿಟ್ಟು ಅಕ್ಕನ ಎದುರು ಕೂತ. ಇಪ್ಪತ್ತೊಂದು ವರ್ಷ, ಸೈನ್ಯಕ್ಕೆ ಹೋಗಬೇಕಾದವನು. ಅವನ ತೋಳಿನ ಮೇಲೆ ಯಾತ್ರಿಕನ ರಕ್ತ ಒಣಗಿತ್ತು. ಅಕ್ಕನ ಕಟ್ಟು ಬಿಚ್ಚಿದರು. ಮಗುಚಿದ ಬಾನಿಯ ತಳದ ಮೇಲೆ ಕಾಗದ ಹಾಸಿದರು.

ಅಕ್ಕ ಬರೆದಳು. ಬಾಯಿಂದ ತೊಟ್ಟಿಕ್ಕುವ ರಕ್ತ ಕಾಗದಕ್ಕೆ ತಾಗದಂತೆ ತೋಳಿನಿಂದ ಒರೆಸಿಕೊಂಡಳು. ಮುಗಿದ ಮೇಲೆ ಕಾಗದ ಎತ್ತಿ ಹಿಡಿದು ಗಟ್ಟಿಯಾಗಿ ಓದಿದಳು. "ನಾವು ಹೊಳೆಯಾಚೆಯ ಹದಿನಾಲ್ಕು ಮನೆಯವರು, ಸರ್ಕಾರದ ಮಾತಿಗೆ ಮರುಳಾಗಿ ಮೇರೆ ಮೀರಿದೆವು. ಇನ್ನು ಮುಂದೆ ಹಿಂದಿನಂತೆಯೇ ನಡೆಯುತ್ತೇವೆ..." ಗುಂಪು ಹೋ ಎಂದಿತು.

ಕಾಗದದಲ್ಲಿ ಅದೊಂದೂ ಇರಲಿಲ್ಲ. ಅಕ್ಕ ಆಮೇಲೆ ನನಗೆ ಹೇಳಿದಂತೆ, ಅಲ್ಲಿದ್ದದ್ದು ಇದು: ಇಂಥ ದಿನ ಕುನುಗಿಹಾರದ ಈ ಕೆಳಗಿನವರು ನೀರು ಕೇಳಿದ ಯಾತ್ರಿಕನೊಬ್ಬನನ್ನು ಹೊಡೆದು ಕೊಂದರು, ಪಟೇಲನ ಮನೆಯನ್ನೂ ಶಾಲೆಯನ್ನೂ ನಾಶಮಾಡಿದರು, ಈಗ ಈಟಿ ಹಿಡಿದು ಹೊಳೆಯಾಚೆಯವರನ್ನು ಸುತ್ತುಗಟ್ಟಿದ್ದಾರೆ. ಅದರ ಕೆಳಗೆ ಒಂಬತ್ತು ಹೆಸರು. ತೊರಾಜೋ ತನ್ನ ಶಿಕ್ಷೆಯನ್ನು ತಾನೇ ಹೊತ್ತು ಅಧಿಕಾರಿಯ ಕೈಗೆ ಕೊಡಲಿ ಎಂಬುದು ಅವಳ ಎಣಿಕೆ. ದೊಡ್ಡಕ್ಷರ ಓದುವವರು ಆ ಗುಂಪಿನಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದಳು. ಮನುಷ್ಯರ ಹೆಸರು ಬರೆಯುವ ಅಕ್ಷರಗಳನ್ನು ಆ ಎರಡು ಚಳಿಗಾಲದಲ್ಲಿ ತಾನೇ ಸೆಯಿಜಿಗೆ ಕಲಿಸಿದ್ದು ಅವಳಿಗೆ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

"ಸರಿಯಾಗಿ ಬರೆದಿದ್ದಾಳೇನೋ?" ಎಂದು ತೊರಾಜೋ ಕೇಳಿದ.

ಸೆಯಿಜಿ ಕಾಗದ ತೆಗೆದುಕೊಂಡ. ಅವನ ಕಣ್ಣು ಕೆಳಗಿನ ಸಾಲುಗಳ ಮೇಲೆ ನಿಂತಿದ್ದನ್ನು ನಾನು ನೋಡಿದೆ. ಮಾವನ ಹೆಸರು ಮೊದಲು. ಮೂರನೆಯದು ಅವನದೇ. ಅವನ ಮುಖ ಸುಣ್ಣದ ಹಾಗಾಯಿತು. ಅಕ್ಕನನ್ನು ನೋಡಿದ. ಅಕ್ಕನೂ ಅವನನ್ನು ನೋಡಿದಳು, ಆಗ ಅವಳಿಗೂ ನೆನಪಾಯಿತು.

"ಸರಿಯಾಗಿದೆ ಮಾವ" ಎಂದ ಸೆಯಿಜಿ. ಕಾಗದವನ್ನು ಮಡಿಸಲು ಹೋದ.

"ತಡಿ. ಎಲ್ಲರ ಹೆಬ್ಬೆಟ್ಟು ಬೇಕು."

ಒಬ್ಬೊಬ್ಬರನ್ನೇ ಕರೆದು ಹೆಬ್ಬೆರಳಿಗೆ ಮಸಿ ಬಳಿದು ಒತ್ತಿಸಿದರು. ಇಸೋಳ ಸರದಿ ಬಂತು. ಅವಳಿಗೆ ಹನ್ನೆರಡು. ಹೆಬ್ಬೆರಳು ಚಾಚಲಿಲ್ಲ. "ನಂಗೆ ಬರೆಯೋಕೆ ಬರ್ತದೆ" ಎಂದು ಕುಂಚ ತೆಗೆದುಕೊಂಡು ತನ್ನ ಹೆಸರಿನ ಎರಡಕ್ಷರ ಬರೆದಳು. ಪುಂಡಾಟಕ್ಕಲ್ಲ, ಮಗು ತನಗೆ ಗೊತ್ತಿದ್ದನ್ನು ಮಾಡಿತು, ಅಷ್ಟೇ.

ತೊರಾಜೋ ಈಟಿಯ ಬುಡದಿಂದ ಆ ಕೈಯ ಮೇಲೆ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಮೊಹೇ ಎದ್ದ. ಜನ್ಮದಲ್ಲಿ ಮೊದಲ ಸಲ ನಮ್ಮ ದಂಡೆಯವರೆದುರು ನೆಟ್ಟಗೆ ನಿಂತಿದ್ದ. ಒಂದು ಮಾತೂ ಆಡದೆ ಮಗಳಿಗೂ ಈಟಿಗೂ ನಡುವೆ ಬಂದ. ತೊರಾಜೋ ಬಿದಿರನ್ನು ತಿರುಗಿಸಿ ಅವನ ಪಕ್ಕೆಲುಬಿನ ಕೆಳಗೆ ಚುಚ್ಚಿದ. ಎಳೆದ. ಮತ್ತೆ ಚುಚ್ಚಿದ.

ಆಮೇಲೆ ತಡೆಯುವವರಿರಲಿಲ್ಲ. ಓಡಿದವರನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು. ಹದಿನಾಲ್ಕು ಮನೆಗೂ ಬೆಂಕಿ ಬಿತ್ತು. ಅಂಟಿನ ಕೊಪ್ಪರಿಗೆಗಳು ಮಗುಚಿ ಹತ್ತಿಕೊಂಡು ಉಸಿರಾಡಲಾಗದ ಹೊಗೆ. ನಾಲ್ಕು ಜನ ಸತ್ತರು, ಅವರಲ್ಲಿ ಒಬ್ಬಳು ಎಪ್ಪತ್ತು ದಾಟಿದ ಮುದುಕಿ. ಅಕ್ಕ ಇಸೋಳ ಮೇಲೆ ಮೈ ಹಾಸಿ ಬಿದ್ದಿದ್ದಳು. ಅವಳ ಬೆನ್ನಿಗೆ ಮೂರು ಏಟು ಬಿದ್ದುದನ್ನು ನಾನು ಎಣಿಸಿದೆ. ನಾಲ್ಕನೆಯದು ಬೀಳಲಿಲ್ಲ. ಸೆಯಿಜಿ ಅವರಿಬ್ಬರನ್ನೂ ತೋಳು ಹಿಡಿದು ಹೊಳೆಯಂಚಿನ ಹೊದರಿಗೆ ಎಳೆದುಕೊಂಡು ಹೋದ. "ಇವರದ್ದು ಮುಗೀತು, ಆ ಕಡೆ ನೋಡ್ರೋ" ಎಂದು ಗುಂಪನ್ನು ಬೇರೆ ಕಡೆ ಕಳಿಸಿದ. ಬೆಂಕಿ ಇಳಿಯುವವರೆಗೆ ಹೊದರಿನ ಮುಂದೆ ಈಟಿ ಹಿಡಿದು ನಿಂತಿದ್ದ.

ಹೋಗುವಾಗ ಒಂದೇ ಮಾತು ಕೇಳಿದ. "ನನ್ನ ಹೆಸರು ಯಾಕಮ್ಮ ಬರೆದ್ರಿ?"

ಅಕ್ಕ ಪಕ್ಕೆ ಹಿಡಿದುಕೊಂಡು ಕೆಮ್ಮಿದಳು. ಎರಡು ಪಕ್ಕೆಲುಬು ಮುರಿದಿದ್ದವು.

ನಾಲ್ಕನೆಯ ದಿನ ಸೈನಿಕರು ಬಂದರು. ಕೋವಿಯ ಮುಂದೆ ಬಿದಿರು ಎಷ್ಟು ಹೊತ್ತು? ತೊರಾಜೋನ ತೊಡೆಗೆ ಗುಂಡು ಬಿತ್ತು. ಅವನ ಎದೆಯ ಮಡಿಕೆಯಲ್ಲಿ ಆ ಕಾಗದ ಬೆಚ್ಚಗೆ ಕೂತಿತ್ತು. ಹೆಸರಿದ್ದ ಒಂಬತ್ತು ಜನರನ್ನೂ ಹಗ್ಗ ಹಾಕಿ ಪಟ್ಟಣಕ್ಕೆ ನಡೆಸಿಕೊಂಡು ಹೋದರು. ಕಾಗದದ ಮೊದಲ ನಾಲ್ಕು ಹೆಸರಿನವರು ಮುಂದಾಳುಗಳು, ಅವರಿಗೆ ಮರಣದಂಡನೆ, ಉಳಿದವರಿಗೆ ಸೆರೆ ಎಂಬ ಸುದ್ದಿ ಬಂತು.

ಅಕ್ಕ ಎದೆಗೆ ಬಟ್ಟೆ ಬಿಗಿದುಕೊಂಡು ಹೊರಟಳು. ಒಂದೂವರೆ ದಿನದ ದಾರಿ. ಕೆಮ್ಮಿದಾಗಲೆಲ್ಲ ನನ್ನ ಹೆಗಲು ಹಿಡಿದು ನಿಲ್ಲುತ್ತಿದ್ದಳು. ಪಟ್ಟಣದಲ್ಲಿ ಎರಡು ದಿನ ಗೇಟಿನ ಮುಂದೆ ಕೂತ ಮೇಲೆ ಅಧಿಕಾರಿಯೊಬ್ಬ ನಮ್ಮಿಬ್ಬರನ್ನೂ ಒಳಗೆ ಕರೆಸಿದ. ಗಡ್ಡ ಬೋಳಿಸಿದ, ಪರದೇಶದ ಕೋಟು ತೊಟ್ಟ ಮನುಷ್ಯ. ಕಾಗದ ಅವನ ಮೇಜಿನ ಮೇಲಿತ್ತು.

"ಇದು ಹೆಂಗಸಿನ ಕೈ ಅಂದ್ರೆ ನಂಬೋಕಾಗಲ್ಲ. ಚೆನ್ನಾಗಿದೆ" ಎಂದ.

"ಸ್ವಾಮಿ, ಮೂರನೇ ಹೆಸರು ಹೊಡೆದುಹಾಕಿ. ಆ ಹುಡುಗ ನನ್ನನ್ನೂ ಒಂದು ಮಗುವನ್ನೂ ಉಳಿಸ್ದ. ಕಾಗದ ಓದಿ ಗೊತ್ತಾದ್ಮೇಲೂ ಬಾಯಿಬಿಡ್ಲಿಲ್ಲ."

"ಯಾತ್ರಿಕನನ್ನ ಹೊಡೆದವರಲ್ಲಿ ಅವನಿರ್ಲಿಲ್ವಾ?"

ಅಕ್ಕ ತಲೆ ತಗ್ಗಿಸಿದಳು. "ಇದ್ದ."

"ಮತ್ತೆ?"

"ಮುಂದಾಳಲ್ಲ ಸ್ವಾಮಿ. ಮಸಿ ತೇಯ್ತಾ ನನ್ನೆದುರಿಗೇ ಕೂತಿದ್ದ, ಅದಕ್ಕೇ ಅವನ ಹೆಸರು ಮುಂದೆ ಬಂತು. ಕಣ್ಣಿಗೆ ಬಿದ್ದ ಸಾಲಲ್ಲಿ ಬರ್ಕೊಂಡು ಹೋದೆ. ಅದಕ್ಕೆ ಬೇರೆ ಅರ್ಥ ಇಲ್ಲ."

ಅಧಿಕಾರಿ ಕಾಗದವನ್ನು ಅವಳ ಕಡೆ ತಳ್ಳಿದ. "ಒಂದು ಹೆಸರಿನ ಬಗ್ಗೆ ಕಾಗದ ತಪ್ಪು ಅಂದ್ರೆ ಒಂಬತ್ತೂ ತಪ್ಪು ಅಂತ ಅವರು ವಾದ ಮಾಡ್ತಾರೆ. ಆಗ ತೊರಾಜೋನೂ ಮನೆಗೆ ಹೋಗ್ತಾನೆ. ಬರಿ ಇಲ್ಲಿ, ಇದು ತಪ್ಪು ಅಂತ. ಕುಂಚ ಕೊಡ್ತೀನಿ."

ಅಕ್ಕ ಕುಂಚವನ್ನು ಮುಟ್ಟಲಿಲ್ಲ. ಮೊಹೇಯ ಹೆಣ ಅವಳ ಕಣ್ಣೆದುರಿಗಿತ್ತೋ, ಇಸೋಳ ಕೈಯಿತ್ತೋ, ನನಗೆ ಗೊತ್ತಿಲ್ಲ. ಹಣೆ ಚಾಪೆಗೆ ಮುಟ್ಟಿಸಿ, ಎದ್ದು ಬಂದಳು. ಮೂರು ದಿನದ ನಂತರ ನದಿಯ ಮರಳಿನಲ್ಲಿ ನಾಲ್ವರ ತಲೆ ಕಡಿದರು. ಅವಳು ಹೋಗಿ ನೋಡಿದಳು. ನನಗೆ ಧೈರ್ಯವಾಗಲಿಲ್ಲ.

ಊರಿಗೆ ಮರಳಿದವಳು ಮನೆಗೆ ಬಾರದೆ ನೆಟ್ಟಗೆ ಕಾನೆಯ ಅಂಗಳಕ್ಕೆ ಹೋದಳು. ಕಾನೆ ಒನಕೆ ಹಿಡಿದು ಅಕ್ಕಿ ಕುಟ್ಟುತ್ತಿದ್ದಳು. ಅಣ್ಣ, ಮಗ ಇಬ್ಬರೂ ಹೋಗಿದ್ದರು.

"ನಾನು ಬರೆದಿದ್ದು. ನಿನ್ನ ಮಗ ಅದನ್ನ ಓದ್ದ. ಓದಿ ನನ್ನ ಪ್ರಾಣ ಉಳಿಸ್ದ. ನಾನು ಅವನನ್ನ ಉಳಿಸ್ಲಿಲ್ಲ. ಇದು ನಿನಗೆ ಗೊತ್ತಾಗ್ಬೇಕಿತ್ತು" ಎಂದಳು ಅಕ್ಕ.

ಕಾನೆ ಒನಕೆ ಬೀಸಿದಳು. ಅಕ್ಕನ ಎಡಗೈ ಮೊಣಕೈ ಬಳಿ ಮುರಿಯಿತು. ಎರಡನೆಯ ಏಟಿಗೆ ಅಕ್ಕ ಬಿದ್ದಳು. ಮೂರನೆಯದಕ್ಕೆ ಎತ್ತಿದ ಒನಕೆಯನ್ನು ಕಿರಿಮಗ ಕುಮಾಕಿಚಿ ಬಂದು ಕಿತ್ತುಕೊಂಡ. "ಬಿಡೋ, ಇವಳನ್ನ ಬಿಡಬಾರ್ದು ಕಣೋ" ಎಂದು ಕಾನೆ ಕೂಗಿದ್ದು ಹೊಳೆಯವರೆಗೂ ಕೇಳಿಸಿತು.

ಆ ವಾರ ಅಕ್ಕನ ಕೈಗೆ ಬಿದಿರಿನ ಪಟ್ಟಿ ಕಟ್ಟುವಾಗ ನಾನು ತಡೆಯಲಾರದೆ ಹೇಳಿಬಿಟ್ಟೆ, ಬಿಸಿರಕ್ತದ ಮಾತು ಹೊಳೆಗೆ ಒಯ್ದವಳು ನಾನೆಂದು. ಅವಳು ನನ್ನತ್ತ ತಿರುಗಿದಳು.

"ನೀನು ಹೇಳ್ದಿದ್ರೆ ಇನ್ಯಾರೋ ಹೇಳ್ತಿದ್ರು."

"ಹೌದಾ ಅಕ್ಕಾ?"

"ಹೌದು. ಆದ್ರೂ ಹೇಳಿದವಳು ನೀನು. ಪಟ್ಟಿ ಬಿಗಿಯಾಗಿ ಕಟ್ಟು."

ಊರಿಗೆ ಸರ್ಕಾರದ ಹೊಸ ಶಾಲೆ ಬಂತು, ಪಟ್ಟಣದಿಂದ ಗಂಡು ಮೇಷ್ಟ್ರು ಬಂದರು. ಅಕ್ಕ ಹೊಳೆಯಾಚೆ ಹೊಸದಾಗಿ ಎದ್ದ ಗುಡಿಸಲೊಂದರಲ್ಲಿ ಆ ಮಕ್ಕಳಿಗೆ ಕಲಿಸತೊಡಗಿದಳು. ಇಸೋಳ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಮೊದಲಿನಿಂದ ಕಲಿತಳು. ನನ್ನನ್ನು ಕಂಡರೆ ಮಾತಾಡುತ್ತಿದ್ದಳು. ಅವಳ ತಾಯಿ ಆಡುತ್ತಿರಲಿಲ್ಲ.

ನಾಲ್ಕು ವರ್ಷಕ್ಕೆ ದಕ್ಷಿಣದಲ್ಲಿ ಯುದ್ಧ ಹತ್ತಿತು. ಕುಮಾಕಿಚಿಯನ್ನು ಸೈನ್ಯಕ್ಕೆ ಕರೆದೊಯ್ದಿದ್ದರು. ಒಂದು ಬೆಳಿಗ್ಗೆ ಕಾನೆ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಮಡಿಸಿದ ಕಾಗದ. ಹೊಸ ಮೇಷ್ಟ್ರು ಊರಲ್ಲಿರಲಿಲ್ಲ.

"ಓದು. ಒಂದಕ್ಷರ ಸೇರಿಸ್ಬೇಡ. ಒಂದಕ್ಷರ ಬಿಡ್ಬೇಡ."

ಅಕ್ಕ ಓದಿದಳು. ಇಂಥ ಗುಡ್ಡದ ಇಳಿಜಾರಿನಲ್ಲಿ, ಇಂಥ ದಿನ, ಹೊಟ್ಟೆಗೆ ಗುಂಡು ಬಿದ್ದು ಮರಣ. ಚೀನೀ ಉಚ್ಚಾರಣೆಯ ಮಾತು ಬಂದಲ್ಲೆಲ್ಲ ನಿಲ್ಲಿಸಿ, ಮನೆಮಾತಿನಲ್ಲಿ ಮೆಲ್ಲಗೆ ಹೇಳಿದಳು. ಕಾನೆಯ ಕಣ್ಣಲ್ಲಿ ನೀರು ಬರಲಿಲ್ಲ. ಕಾಗದವನ್ನು ವಾಪಸು ಕಿತ್ತುಕೊಂಡಳು. ಹೋಗಲು ತಿರುಗಿದವಳು ಹೊಸ್ತಿಲ ಬಳಿ ನಿಂತಳು.

"ಇನ್ನೊಂದು ಸಲ ನಿನ್ನ ಬಾಗಿಲಿಗೆ ನಾನು ಬರಬಾರ್ದು. ಅದಕ್ಕೇ ಕಲಿಸು."

"ಒಳಗೆ ಬಾ" ಎಂದಳು ಅಕ್ಕ.

ಏಳು ತಿಂಗಳು ಕಾನೆ ದಿನ ಬಿಟ್ಟು ದಿನ ಬಂದಳು. ಅಕ್ಷರದ ಉಚ್ಚಾರಣೆ ಬಿಟ್ಟು ಒಂದು ಮಾತಾಡಲಿಲ್ಲ. ಚಹಾ ಇಟ್ಟರೆ ಮುಟ್ಟಲಿಲ್ಲ. ಅಕ್ಕ ಅವಳ ಹಿಂದೆ ಕೂತು, ಒರಟು ಕೈ ಹಿಡಿದು ತಿದ್ದಿಸುತ್ತಿದ್ದಳು. ಒಮ್ಮೊಮ್ಮೆ ಕಾನೆ ಕುಂಚವನ್ನು ಎಷ್ಟು ಬಲವಾಗಿ ಒತ್ತುತ್ತಿದ್ದಳೆಂದರೆ ಕಾಗದ ಹರಿದು ಚಾಪೆಗೆ ಮಸಿ ಇಳಿಯುತ್ತಿತ್ತು. ಅಕ್ಕ ಹೊಸ ಕಾಗದ ಹಾಸುತ್ತಿದ್ದಳು. ನಲವತ್ತೆಂಟಕ್ಷರ ಮುಗಿದ ದಿನ ಕಾನೆ ಕುಂಚ ತೊಳೆದು ಒರೆಸಿಟ್ಟು ಹೋದವಳು ಮತ್ತೆ ಬರಲಿಲ್ಲ. ದಾರಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಳು. ಹನ್ನೆರಡು ವರ್ಷದ ಮೇಲೆ ಅಕ್ಕ ಜ್ವರದಿಂದ ತೀರಿಕೊಂಡಾಗಲೂ ಬರಲಿಲ್ಲ. ಹೆಣ ಹೊತ್ತವರು ಹೊಳೆಯಾಚೆಯವರು.

ಆ ಚಳಿಗಾಲ ಸೌದೆಗೆ ಹೋದಾಗ ಗುಡ್ಡದ ಬದಿಯಲ್ಲಿ ಕಾನೆಯ ಮಕ್ಕಳ ಗೋರಿಗಳನ್ನು ಕಂಡೆ. ಎರಡು ಒರಟು ಹಲಗೆ ನೆಟ್ಟಿದ್ದಳು. ಯಾವ ಸನ್ಯಾಸಿಯ ಕೈಯಿಂದಲೂ ಬರೆಸಿರಲಿಲ್ಲ. ಸೊಟ್ಟಗೆ, ದಪ್ಪಗೆ, ಮರದೊಳಕ್ಕೆ ಒತ್ತಿ ಬರೆದ ಬರಿಯ ಹೆಸರುಗಳು. ನಲವತ್ತೆಂಟಕ್ಷರದಲ್ಲೇ ಇದ್ದವು, ನನಗೂ ಓದಲು ಬಂತು.